ಕುಲ್ಸುಮಮ್ಮನ ರ‍್ಯಾಕು

ನಾನು ಹೆಬ್ಬಾಳದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಗುಮಾಸ್ತನಾಗಿದ್ದವನು. ಯಾವುದನ್ನು ಎಲ್ಲಿ ಜೋಡಿಸಿಡಬೇಕು ಎನ್ನುವ ವಿಷಯದಲ್ಲಿ ನನ್ನ ಜಂಬ ಸ್ವಲ್ಪ ಜಾಸ್ತಿಯೇ. ಆ ಜಂಬ ಇಳಿಸಿದವರು ಒಬ್ಬರೇ, ಆರ್.ಟಿ. ನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕುಲ್ಸುಮಮ್ಮ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಅವರ ಯಜಮಾನರು ರಹಮತುಲ್ಲಾ ಮೈಕ್‌ಸೆಟ್ ಇಟ್ಟಿದ್ದರು. ಮದುವೆ, ನಾಮಕರಣ, ಗಣೇಶ, ಉರುಸು, ಕೊನೆಗೆ ಸಾವು, ಎಲ್ಲದಕ್ಕೂ ಅವರದೇ ಹಾರ್ನು. ಮನೆಯಲ್ಲಿದ್ದದ್ದು ಎರಡೇ ಕೋಣೆ, ಗ್ರಾಮಾಫೋನ್ ಪ್ಲೇಟುಗಳು ಮಾತ್ರ ಮುನ್ನೂರಕ್ಕೂ ಮೇಲೆ. ಮಂಚದ ಕೆಳಗೆ, ಅಕ್ಕಿ ಡಬ್ಬದ ಮೇಲೆ, ಹೊಲಿಗೆ ಮೆಷಿನ್ನಿನ ಪಕ್ಕ ರಾಶಿ ರಾಶಿ. ಕಾರ್ಯಕ್ರಮ ಬಂದರೆ ಸಾಹೇಬರು ಒಂದು ರಾಶಿಯನ್ನು ಟ್ರಂಕಿಗೆ ತುಂಬಿಕೊಂಡು ಹೊರಡುತ್ತಿದ್ದರು. ವಾಪಸ್ ಬರುವಾಗ ಯಾವ ಪ್ಲೇಟು ಯಾವ ಕವರಿನೊಳಗೆ ಹೋಗಿದೆಯೋ ಅವರಿಗೇ ಗೊತ್ತಿರುತ್ತಿರಲಿಲ್ಲ.

ಎಪ್ಪತ್ತನಾಲ್ಕರಲ್ಲಿ ಇದಕ್ಕೆ ತಕ್ಕ ಶಾಸ್ತಿ ಆಯಿತು. ಜಕ್ಕೂರಿನ ದೊಡ್ಡ ಕುಳ ಬ್ಯಾಟರಾಯಪ್ಪನವರ ಹಿರಿಯ ಮಗಳು ಅಂಜನಮ್ಮನ ಮದುವೆ. ಗಂಡಿನ ಕಡೆಯವರ ಬಸ್ಸು ಬಂದು ಚಪ್ಪರದ ಮುಂದೆ ನಿಂತಿತು. ಕಳಸ ಹಿಡಿದ ಹೆಂಗಸರು ಮುಂದೆ ಬಂದರು. ಬೀಗರು ಇಳಿಯುವಾಗ ಹಾಕುವ ನಾದಸ್ವರದ ಕವರಿನಿಂದ ರಹಮತುಲ್ಲಾ ಪ್ಲೇಟು ತೆಗೆದು ಮುಳ್ಳು ಇಟ್ಟರು. ನಾಲ್ಕು ಹಾರ್ನಿನಲ್ಲೂ ಹೊರಟದ್ದು ಹೆಣದ ಮುಂದೆ ಹಾಕುವ ಭಜನೆ. ಮುಳ್ಳು ಎತ್ತುವಷ್ಟರಲ್ಲಿ ಎರಡು ಸಾಲು ಕೆರೆಯ ಆಚೆ ದಡದವರೆಗೂ ಕೇಳಿಸಿಯಾಗಿತ್ತು. ಗಂಡಿನ ಅಜ್ಜಿ ಅಲ್ಲೇ ಅಳತೊಡಗಿದರು. ಮದುವೆ ನಿಲ್ಲಲಿಲ್ಲ, ಆದರೆ ಮದುಮಗಳು ಕಣ್ಣೊರೆಸಿಕೊಂಡೇ ಹಸೆಮಣೆ ಏರಿದಳು.

ಅಂದಿನಿಂದ ಆ ಕಡೆಯ ಊರುಗಳಲ್ಲೆಲ್ಲ ಅವರಿಗೆ 'ಹೆಣದ ಮೈಕು' ಎಂದೇ ಹೆಸರು ಬಿತ್ತು. ಜಕ್ಕೂರಿನಿಂದ ಯಲಹಂಕದವರೆಗೆ ಒಂದು ಮದುವೆಗೂ ಕರೆ ಬರಲಿಲ್ಲ. ಸಾವಿಗೆ ಮಾತ್ರ ತಪ್ಪದೆ ಕರೆಯುತ್ತಿದ್ದರು, ಅದು ಇನ್ನೂ ದೊಡ್ಡ ಅವಮಾನ. ಸಾಹೇಬರು ಸೆಟ್ಟನ್ನೇ ಮಾರಿಬಿಡುವ ಮಾತಾಡಿದರು.

"ಸೆಟ್ಟಿಗೆ ಏನಾಗಿದೆ? ನಿಮಗೆ ತಾನೆ ಏನಾಗಿದೆ?" ಎಂದರು ಕುಲ್ಸುಮಮ್ಮ. "ಪ್ಲೇಟಿಗೆ ಒಂದು ಜಾಗ ಇಲ್ಲ, ಅಷ್ಟೇ. ಜಾಗ ನಾನ್ ಮಾಡ್ತೀನಿ."

ಅವರು ತಣಿಸಂದ್ರದ ಸೈಕಲ್ ಶಾಪಿನವರ ಮಗಳು, ಚಿಕ್ಕಂದಿನಿಂದ ಸ್ಪ್ಯಾನರ್ ಹಿಡಿದ ಕೈ. ತಲೆ ತುಂಬ ಸೆರಗು ಹೊದ್ದು ಯಶವಂತಪುರದ ಗುಜರಿ ಅಂಗಡಿಗೆ ಹೋಗಿ, ಉದ್ದಕ್ಕೂ ತೂತುಗಳಿರುವ ಕಬ್ಬಿಣದ ಆಂಗಲ್ ಪಟ್ಟಿಗಳನ್ನು ಗಾಡಿಯಲ್ಲಿ ಹೇರಿಸಿಕೊಂಡು ಬಂದರು. ಯಾವುದೋ ಗೋಡೌನಿನ ಹಳೆಯ ರ‍್ಯಾಕಿನದಂತೆ. ಅಡ್ಡಕ್ಕೆ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ. ಮರದ ಬೀರು ಮಾಡಿಸುವ ಖರ್ಚಿನಲ್ಲಿ ಕಾಲು ಭಾಗವೂ ಆಗಲಿಲ್ಲ.

ಅಂಗಳದಲ್ಲಿ ಜೋಡಣೆ ಶುರುವಾದಾಗ ಸಲಹೆ ಕೊಡಲು ನಾನು ಕಾಂಪೌಂಡ್ ಹಾರಿಯೇ ಹೋದೆ. ಗುಜರಿಯವನು ಮುಷ್ಟಿ ತುಂಬ ತ್ರಿಕೋನದ ತಗಡಿನ ತುಂಡುಗಳನ್ನೂ ಕೊಟ್ಟಿದ್ದ. "ಅವು ಬರೀ ಅಲಂಕಾರಕ್ಕೆ, ಬೇಡ ಬಿಡಿ" ಎಂದೆ. ನನ್ನ ಮಾತು ಕೇಳಿ ಅವುಗಳನ್ನು ಬಿಟ್ಟೇ ಬೋಲ್ಟು ಬಿಗಿದರು. ಎದ್ದು ನಿಂತ ರ‍್ಯಾಕು ಬೆರಳು ತಾಗಿಸಿದರೆ ಬಾಡಿಗೆ ಸೈಕಲ್ಲಿನಂತೆ ಅತ್ತ ವಾಲುತ್ತಿತ್ತು, ಇತ್ತ ವಾಲುತ್ತಿತ್ತು. ಜಗಲಿಯಲ್ಲಿ ಕೂತಿದ್ದ ರಹಮತುಲ್ಲಾ ಎಷ್ಟೋ ದಿನದ ಮೇಲೆ ಮೊದಲ ಸಲ ನಕ್ಕರು.

ಕುಲ್ಸುಮಮ್ಮ ನನ್ನ ಮುಖವನ್ನೊಮ್ಮೆ ನೋಡಿದರು, ಅಷ್ಟೇ. ರ‍್ಯಾಕನ್ನು ಪೂರ್ತಿ ಬಿಚ್ಚಿದರು. ಈ ಸಲ ಮೂಲೆ ಮೂಲೆಗೂ ಆ ತ್ರಿಕೋನದ ತುಂಡು ಕೂರಿಸಿ, ಬೋಲ್ಟುಗಳನ್ನೆಲ್ಲ ಬೆರಳಲ್ಲಿ ಮಾತ್ರ ತಿರುಗಿಸಿ ಸಡಿಲವಾಗಿ ಬಿಟ್ಟರು. ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ದಾರ ಹಿಡಿದು ಅಳೆದರು, ಆಮೇಲೆ ಇನ್ನೆರಡು ಮೂಲೆಗೆ. ಎರಡೂ ಅಳತೆ ಸರಿಹೋದ ಮೇಲೆಯೇ ಸ್ಪ್ಯಾನರ್ ಮುಟ್ಟಿದರು. ಈಗ ರ‍್ಯಾಕಿಗೆ ನಾನು ಭುಜ ಕೊಟ್ಟು ತಳ್ಳಿದೆ, ಅಲುಗಲಿಲ್ಲ.

ಮಾನ ಉಳಿಸಿಕೊಳ್ಳಲು ನಾನು ಅಕಾರಾದಿಯಾಗಿ ಐವತ್ತು ಚೀಟಿ ಬರೆದುಕೊಂಡು ಹೋದೆ. ದುಂಡನೆಯ ಅಕ್ಷರ, ನೀಲಿ ಇಂಕು.

"ನರಸಯ್ಯಣ್ಣ, ಮದುವೇಲಿ ಯಾರಾದ್ರೂ ಅ ಆ ಇ ಈ ಅಂತ ಹಾಡು ಕೇಳ್ತಾರಾ?" ಎಂದು ಅವರು ಚೀಟಿಗಳನ್ನು ಮರ್ಯಾದೆಯಿಂದಲೇ ಹಿಂದಿರುಗಿಸಿದರು.

ಅವರ ಕ್ರಮವೇ ಬೇರೆ. ಎಡಗಡೆ ಚಪ್ಪರದ ಮದುವೆ, ಬಲಗಡೆ ಶಾದಿ. ಮೇಲಿನಿಂದ ಕೆಳಕ್ಕೆ ಮದುವೆ ನಡೆಯುವ ವರಸೆಯಲ್ಲೇ ಪ್ಲೇಟುಗಳು: ಬೆಳಗಿನ ದೇವರ ಹಾಡು, ಬೀಗರು ಇಳಿಯುವುದು, ಊಟದ ಹೊತ್ತು, ಹೆಣ್ಣು ಒಪ್ಪಿಸುವುದು. ಒಂದೊಂದು ಖಾನೆಗೂ ಒಂದೊಂದು ಬಟ್ಟೆಯ ತುಂಡು. ಬೀಗರಿಗೆ ಜರಿಯಂಚು, ಊಟಕ್ಕೆ ಬಾಳೆಲೆ ಹಸಿರು. ಎಲ್ಲಕ್ಕೂ ಕೆಳಗೆ, ಕಪ್ಪು ಚೀಲದಲ್ಲಿ, ಸಾವಿನದು. ಅದನ್ನು ಒಡೆದು ಹಾಕಿ ಎಂದು ಸಾಹೇಬರು ಅಂದಾಗ ಅವರು ಒಪ್ಪಲಿಲ್ಲ. ಸತ್ತವರ ಮನೆಗೂ ಒಂದು ಹಾಡು ಬೇಡವೇ ಎಂದರು. ಜೊತೆಗೆ ಒಂದು ಕಟ್ಟಪ್ಪಣೆ: ಪ್ಲೇಟು ಹೊರಗೆ ಬರಬಹುದು, ಕವರು ಮಾತ್ರ ಖಾನೆ ಬಿಟ್ಟು ಕದಲಬಾರದು. ಹಾಡು ಮುಗಿದ ಪ್ಲೇಟು ಬಾಯ್ತೆರೆದ ತನ್ನ ಕವರಿಗೇ ಹೋಗಬೇಕು. ನಮ್ಮ ಲೈಬ್ರರಿಯಲ್ಲೂ ಇಷ್ಟು ಶಿಸ್ತು ಇರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಗರದೊಳಗಿನ ಸಣ್ಣಪುಟ್ಟ ಕಾರ್ಯಗಳಲ್ಲಿ ಆರು ವರ್ಷ ಒಂದು ತಪ್ಪೂ ಆಗಲಿಲ್ಲ. ಆದರೂ ಹಳ್ಳಿಗಳ ಕಡೆ ಆ ಕೆಟ್ಟ ಹೆಸರು ಹೋಗಲಿಲ್ಲ. ಎಂಬತ್ತರ ಒಂದು ಬೆಳಗ್ಗೆ ಸಾಕ್ಷಾತ್ ಬ್ಯಾಟರಾಯಪ್ಪನವರೇ ಬಾಗಿಲಲ್ಲಿ ನಿಂತಿದ್ದರು. ಕಿರಿಯ ಮಗಳ ಮದುವೆ, ಅಂದು ಸಂಜೆಯೇ ಬೀಗರು ಬರುವವರು, ಗೊತ್ತುಮಾಡಿದ್ದ ಮೈಕಿನವನು ಕೈಕೊಟ್ಟಿದ್ದ. ಮುಖ ಹರಳೆಣ್ಣೆ ಕುಡಿದವರಂತಿತ್ತು.

"ಬೇರೆ ಗತಿ ಇಲ್ದೆ ಬಂದಿವ್ನಿ ಸಾಬ್ರೇ. ಆ ಪ್ಲೇಟ್ಗಳ್ನ ಎಂಗ್ ಮಡಗಿದ್ದೀರಾ ಅಂತ ಮೊದ್ಲು ತೋರ್ಸಿ."

ಕುಲ್ಸುಮಮ್ಮ ರ‍್ಯಾಕಿಗೆ ಬೆನ್ನು ಮಾಡಿ ನಿಂತರು. "ಕೇಳಿ ಯಜಮಾನ್ರೆ."

"ಬೀಗ್ರು ಇಳಿಯೋದು."

ಅವರು ಹಿಂದಕ್ಕೆ ಕೈ ಚಾಚಿ ಜರಿಯಂಚು ಸವರಿ ಪ್ಲೇಟು ತೆಗೆದುಕೊಟ್ಟರು. ರಹಮತುಲ್ಲಾ ಹಾಕಿದರು, ನಾದಸ್ವರ. "ಊಟದ್ದು." ಬಂತು. "ಎಣ್ಣು ಒಪ್ಸೋದು." ಅದೂ ಬಂತು. ಏಳು ಪ್ಲೇಟು ಕೇಳಿದರು, ಏಳೂ ಸರಿ.

"ಸರಿ, ಟ್ರಂಕಿಗೆ ತುಂಬ್ಕೊಳ್ಳಿ" ಎಂದರು ಬ್ಯಾಟರಾಯಪ್ಪ.

"ಟ್ರಂಕಿಗೆ ತುಂಬಲ್ಲ. ರ‍್ಯಾಕೇ ಬರುತ್ತೆ, ಅದರ ಜೊತೆ ನಾನೂ ಬರ್ತೀನಿ. ಕಪ್ಪು ಚೀಲ ಮಾತ್ರ ಇಲ್ಲೇ ಇರುತ್ತೆ."

ಚಪ್ಪರದಲ್ಲಿ ಹೆಂಗಸು ಪ್ಲೇಟು ಹಾಕುವುದೇ ಎಂದು ಸಾಹೇಬರು ಬಾಯಿ ತೆರೆದರು. ಹೆಂಡತಿಯ ಕೈಯಲ್ಲಿ ಆಗಲೇ ಸ್ಪ್ಯಾನರ್ ಇದ್ದದ್ದು ನೋಡಿ ಮುಚ್ಚಿಕೊಂಡರು.

ರ‍್ಯಾಕು ಬಿಚ್ಚಿ, ಒಂದೊಂದು ಖಾನೆಯ ಕವರುಗಳನ್ನೂ ಅದರದೇ ಬಟ್ಟೆಯ ಗುರುತಿಟ್ಟು ಬೇರೆ ಬೇರೆ ಕಟ್ಟು ಕಟ್ಟಿದರು. ಬೋಲ್ಟುಗಳ ಡಬ್ಬ ತೊಡೆಯ ಮೇಲಿಟ್ಟುಕೊಂಡು ನಾನೂ ಟೆಂಪೋ ಹತ್ತಿದೆ. ಜಕ್ಕೂರಿನಲ್ಲಿ ಇಳಿದಾಗ "ಅಗೋ, ಎಣದ್ ಮೈಕು" ಎಂದು ಯಾರೋ ಅಂದದ್ದು ಮೂವರಿಗೂ ಕೇಳಿಸಿತು. ಕುಲ್ಸುಮಮ್ಮ ತಿರುಗಿಯೂ ನೋಡಲಿಲ್ಲ. ಚಪ್ಪರದ ಮೂಲೆಯಲ್ಲಿ ಪಟ್ಟಿ ನಿಲ್ಲಿಸಿ, ತ್ರಿಕೋನ ಕೂರಿಸಿ, ದಾರ ಹಿಡಿದು ಅಳೆದು, ಬಿಗಿದರು. ಅಡುಗೆಯವರೂ ಸೌಟು ಹಿಡಿದು ನೋಡಲು ಬಂದರು. ಅರ್ಧ ಗಂಟೆಯಲ್ಲಿ ಮುನ್ನೂರು ಕವರು ತಂತಮ್ಮ ಖಾನೆಯಲ್ಲಿ ಕೂತಿದ್ದವು.

ಐದು ಗಂಟೆಗೆ ಬೀಗರ ಬಸ್ಸು ಬಂತು. ಚಪ್ಪರದಲ್ಲಿದ್ದ ಎಲ್ಲರ ಕಣ್ಣೂ ಹಾರ್ನಿನ ಮೇಲೆ. ಕುಲ್ಸುಮಮ್ಮ ಜರಿಯಂಚಿನಿಂದ ಪ್ಲೇಟು ತೆಗೆದುಕೊಟ್ಟರು, ಸಾಹೇಬರು ಮುಳ್ಳು ಇಟ್ಟರು. ನಾಲ್ಕು ಹಾರ್ನಿನಲ್ಲೂ ನಾದಸ್ವರ ತುಂಬಿ ಹರಿಯಿತು. ಯಾರೋ ಶಿಳ್ಳೆ ಹೊಡೆದರು. ರಹಮತುಲ್ಲಾ ಆರು ವರ್ಷದ ಮೇಲೆ ತಲೆಯೆತ್ತಿ ಆ ಊರಿನವರ ಮುಖ ನೋಡಿದರು. ನಾನಂತೂ ನಾಚಿಕೆ ಬಿಟ್ಟು ಚಪ್ಪಾಳೆ ತಟ್ಟಿದೆ.

ಬೀಗರೆಲ್ಲ ಒಳಗೆ ಹೋಗಿ ಕೂತ ಮೇಲೆ ಕಂಕುಳಲ್ಲಿ ಒಂದು, ಕೈಯಲ್ಲಿ ಒಂದು ಮಗು ಹಿಡಿದ ಹೆಂಗಸು ರ‍್ಯಾಕಿನ ಹತ್ತಿರ ಬಂದಳು. ಹಿಂದೆ ಅವಳ ಗಂಡ.

"ನಾನು ಅಂಜನಮ್ಮ ಕಣಮ್ಮ, ದೊಡ್ಮಗಳು. ನನ್ ಮದುವೇಲಿ ಆಕ್ಬೇಕಾಗಿದ್ದ ಪ್ಲೇಟು ಯಾವ್ದು?"

ಕುಲ್ಸುಮಮ್ಮ ಜರಿಯಂಚಿನ ಖಾನೆಯಿಂದ ಪ್ಲೇಟು ತೆಗೆದು ತೋರಿಸಿದರು. ಸುಳ್ಳು ಹೇಳಲಿಲ್ಲ. "ಇದೇ ಅಮ್ಮ, ಈಗ ಹಾಕಿದ್ದು. ಅವತ್ತು ಇದು ಆ ಭಜನೆಯ ಕವರಲ್ಲಿ ಸೇರ್ಕೊಂಡಿತ್ತು. ನಿಮ್ಮದು ಅಂತಲೇ ಈ ಖಾನೆಯ ಮೊದಲನೇ ಜಾಗದಲ್ಲಿ ಇಟ್ಟಿದೀನಿ."

"ಅಂಗಾರೆ ಈಗ ನಂಗೊಂದ್ಸಲ ಆಕಮ್ಮ."

ಅವಳು ಗಂಡನ ಕೈ ಹಿಡಿದು ಚಪ್ಪರದ ಬಾಗಿಲಾಚೆ ಹೋಗಿ ನಿಂತಳು. ವಿಷಯ ತಿಳಿದ ಹೆಂಗಸರು ನಗುತ್ತ ಕಳಸ ಎತ್ತಿಕೊಂಡು ಬಂದರು. ನಾದಸ್ವರ ಮತ್ತೆ ಎದ್ದಿತು. ಅಂಜನಮ್ಮ ಗಂಡನ ಜೊತೆ, ಎರಡು ಮಕ್ಕಳ ಜೊತೆ, ಒಂದೊಂದೇ ಹೆಜ್ಜೆ ಇಡುತ್ತ ಹೊಸ ಮದುವಣಗಿತ್ತಿಯ ಹಾಗೆ ಒಳಗೆ ನಡೆದು ಬಂದಳು. ಕಣ್ಣಲ್ಲಿ ನೀರಿತ್ತು, ಆದರೆ ಈ ಸಲ ನಗುತ್ತಿದ್ದಳು.

ಪ್ಲೇಟು ಮುಗಿದು ಕವರಿಗೆ ಹೋಗುವಷ್ಟರಲ್ಲಿ ಬ್ಯಾಟರಾಯಪ್ಪನವರು ಹೆಗಲ ಮೇಲಿನ ವಲ್ಲಿಯಲ್ಲಿ ಮುಖ ಒರೆಸಿಕೊಂಡು ರ‍್ಯಾಕಿನ ಮುಂದೆ ಬಂದು ನಿಂತರು.

"ಇನ್ನೊಂದ್ಸಲ ಆಕಮ್ಮ" ಎಂದರು.