ಡಾರ್ಲೀನ್ ತೆಗೆಸಿದ ಹೆಸರು

ಹಾಲಿವುಡ್ಡಿನಲ್ಲಿ ಯಾರೂ 'ಆಗುವುದಿಲ್ಲ' ಎಂದು ಮುಖಕ್ಕೆ ಹೊಡೆದಂತೆ ಹೇಳುವುದಿಲ್ಲ. ತಣ್ಣನೆಯ ನೀರಿನ ಬಾಟಲಿ ಕೈಗಿಟ್ಟು, ಕತೆ ಅದ್ಭುತ, ಫೋನು ಮಾಡುತ್ತೇವೆ ಎಂದು ಬಾಗಿಲವರೆಗೂ ಬಂದು ಸಾಗಹಾಕುತ್ತಾರೆ. ನಿರ್ದೇಶಕಿ ಡಾರ್ಲೀನ್ ಮಾರೊವಿಚ್ ಆ ಫೋನಿಗೆ ಹದಿನಾರು ವರ್ಷ ಕಾದಳು.

ಅವಳು ಮಾಡಿದ ತಪ್ಪಾದರೂ ಏನು? ಮೊದಲ ಸಿನಿಮಾ ನೋಡಿ ಇದೇ ಜನ ತಲೆಯ ಮೇಲೆ ಹೊತ್ತು ಮೆರೆಸಿದ್ದರು. ಎರಡನೆಯದು ಅವಳ ಅಪ್ಪನ ಕತೆ. ಸ್ಯಾನ್ ಪೆಡ್ರೊ ಬಂದರಿನಿಂದ ಮೀನಿಗೆ ಹೋದ ಅವನ ದೋಣಿ ಮರಳಲಿಲ್ಲ. ಬಿಡುಗಡೆಗೆ ಮುಂಚೆ ಒಂದಷ್ಟು ಜನರಿಗೆ ತೋರಿಸಿ ಚೀಟಿಯಲ್ಲಿ ಅಭಿಪ್ರಾಯ ಬರೆಸಿದರು. ಅಪ್ಪ ಸಾಯಬಾರದಿತ್ತು ಎಂದು ಅರ್ಧ ಜನ ಗೀಚಿದರು. ಸರಿ, ಸ್ಟುಡಿಯೋದವರು ಅವಳನ್ನು ಒಂದು ಮಾತೂ ಕೇಳದೆ ಸಿನಿಮಾದ ಕೊನೆ ಬದಲಿಸಿ, ಅಪ್ಪನನ್ನು ಬದುಕಿಸಿ ದಡಕ್ಕೆ ತಂದರು! ಡಾರ್ಲೀನ್ ಕೆಂಡಾಮಂಡಲವಾಗಿ, ನಿರ್ದೇಶಕರ ಸಂಘಕ್ಕೆ ಹೋಗಿ ಸಿನಿಮಾದಿಂದ ತನ್ನ ಹೆಸರು ತೆಗೆಸಿದಳು. ತೆರೆಯ ಮೇಲೆ ಸುಳ್ಳು ಹೆಸರೊಂದು ಬಂತು. ಅವಳೊಂದು ತಲೆನೋವು ಎಂಬ ಮಾತು ಹಬ್ಬಿದ ಮೇಲೆ ಪ್ರತಿಭೆ ಗಿತಿಭೆ ಯಾರಿಗೆ ಬೇಕು? ಅಂದಿನಿಂದ ಬೇರೆಯವರ ಸೆಟ್ಟಿನಲ್ಲಿ, ಹಿಂದಿನ ಶಾಟಿನಲ್ಲಿ ನಟನ ಅಂಗಿಯ ಗುಂಡಿ ಹಾಕಿತ್ತೋ ಇಲ್ಲವೋ ಎಂದು ಬರೆದಿಡುವುದೇ ಅವಳ ಕೆಲಸ.

ಈಗ ಅದೇ ಸ್ಟುಡಿಯೋದ ಗ್ಯಾವಿನ್ ಎಂಬ ಅಧಿಕಾರಿ ಕರೆಸಿದ.

"ಆ ಸಿನಿಮಾನ ಈಗ ಕ್ರಿಸ್‌ಮಸ್‌ಗೆ ಮನೆಮನೇಲೂ ನೋಡ್ತಾರೆ ರೀ. ಅದಕ್ಕೆ ನಿಮ್ಮ ಹೆಸರು ವಾಪಸ್ ಹಾಕೋಕೆ ಒಂದು ಸಹಿ ಕೊಡಿ, ನಮ್ಮ ಹೊಸ ಸಿನಿಮಾದ ನಿರ್ದೇಶನ ನಿಮ್ಮದೇ. ಸೋಮವಾರ ಹೇಳಿ."

ಐವತ್ತೆಂಟರ ಡಾರ್ಲೀನ್‌ಗೆ ಇದು ಕೊನೆಯ ಅವಕಾಶ. ಭಾನುವಾರ ಅಮ್ಮ ಕಾಟಿಯಾಳ ಮನೆಗೆ ಹೋದಳು. ಅಮ್ಮ ಆ ಸಿನಿಮಾವನ್ನು ವರ್ಷವೂ ತಪ್ಪದೆ ನೋಡುವವಳು. ಸಹಿ ಹಾಕು ಎಂದೇ ಹೇಳುತ್ತಾಳೆಂಬ ಧೈರ್ಯದಲ್ಲಿ ಮಗಳು ಬಂದಿದ್ದಳು.

"ಸಹಿ ಹಾಕ್ಲೇನಮ್ಮಾ? ನಿಂಗೆ ಆ ಸಿನಿಮಾ ಇಷ್ಟ ತಾನೆ?"

"ಇಷ್ಟ ಕಣೇ. ವರ್ಷಕ್ಕೊಂದ್ಸಲ ನಿಮ್ಮಪ್ಪ ಮನೆಗೆ ಬರ್ತಾನಲ್ಲ, ಅದಕ್ಕೇ ನೋಡ್ತೀನಿ." ಕಾಟಿಯಾ ಮೀನಿನ ಸಾರಿನ ಉರಿ ಆರಿಸಿದಳು. "ಆದ್ರೆ ಹನ್ನೊಂದು ದಿನ ಬಂದರಲ್ಲಿ ನಿಂತವಳು ನಾನು. ಅವನು ಬರ್ಲಿಲ್ಲ. ಬಂದ ಅಂತ ಲೋಕವೆಲ್ಲ ಹೇಳ್ಕೊಳ್ಲಿ, ನನ್ನ ಮಗಳು ಹೇಳೋದು ಬೇಡ."

ಡಾರ್ಲೀನ್ ಅಲ್ಲೇ ಕುರ್ಚಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಸೋಮವಾರ ಬೆಳಿಗ್ಗೆ ಏಳಕ್ಕೇ ಗ್ಯಾವಿನ್‌ಗೆ ಫೋನು ಹಚ್ಚಿದಳು.

"ನಮ್ಮಪ್ಪ ಸಾಯೋ ಸಿನಿಮಾ ನಂದು ಕಣಪ್ಪ. ಅದನ್ನ ಬಿಡುಗಡೆ ಮಾಡಿ, ಅವತ್ತೇ ಸಹಿ ಹಾಕ್ತೀನಿ."

ಹೊಸ ಸಿನಿಮಾ ಬೇರೆಯವರ ಪಾಲಾಯಿತು. ಅಂದು ಎಂಟು ಗಂಟೆಗೆ ಡಾರ್ಲೀನ್ ಎಂದಿನಂತೆ ಬೇರೆಯವರ ಸೆಟ್ಟಿನಲ್ಲಿದ್ದಳು, ಗುಂಡಿ ನೋಡಿ ಬರೆದಿಡುವ ಕೆಲಸ ಶುರುಮಾಡಿದ್ದಳು.