ಚಾಚಾ ಬಿಚ್ಚಿ ಹೇಳುತ್ತಿದ್ದ ಶಬ್ದಗಳು

ಮೊನ್ನೆ ಲಕ್ಷ್ಮೇಶ್ವರದ ಪೇಟೆಯಲ್ಲಿ ಬಳೆ ಅಂಗಡಿಯ ಮುಂದೆ ನಿಂತಿದ್ದಾಗ ಪಕ್ಕದವರು ಲೋಬಾನ ಹಾಕಿದರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನನಗೆ ಬಳೆ ನೋಡುವ ಮನಸ್ಸೇ ಹೋಯಿತು. ಬೆಟಗೇರಿಯ ಔಷಧ ಅಂಗಡಿಯ ಚಾಚಾ ನೆನಪಾದರು. ಅವರು ಗಾಯಕ್ಕೆ ಹಚ್ಚುತ್ತಿದ್ದ ಟಿಂಕ್ಚರ್ ಬೆಂಜೊಯಿನ್‌ಗೂ ಇದೇ ವಾಸನೆ. ಎರಡೂ ಒಂದೇ ಜಾತಿಯ ಮರದ ಅಂಟು ಎಂದು ಹೇಳಿಕೊಟ್ಟವರೂ ಅವರೇ.

ಚಾಚಾ ಓದಿದ್ದು ಏಳನೇ ಇಯತ್ತೆ. ಹರೆಯದಲ್ಲಿ ಒಬ್ಬ ಡಾಕ್ಟರ ಹತ್ತಿರ ಕಂಪೌಂಡರ್ ಆಗಿದ್ದರು. ಆ ಡಾಕ್ಟರು ದವಾಖಾನೆ ಮುಚ್ಚುವಾಗ ರಟ್ಟು ಕಿತ್ತುಹೋದ ವೈದ್ಯಕೀಯ ನಿಘಂಟೊಂದನ್ನು ಇವರಿಗೆ ಕೊಟ್ಟಿದ್ದರಂತೆ. ಅದರೊಳಗಿನ ಗ್ರೀಕ್ ಮತ್ತು ಲ್ಯಾಟಿನ್ ಬೇರುಗಳು ಚಾಚಾಗೆ ಬಾಯಿಪಾಠ. ಅಂತೂರ ಬೆಂತೂರದಿಂದ, ಶಿಗ್ಲಿಯಿಂದ, ಮುಂಡರಗಿ ಕಡೆಯಿಂದ ಗದಗಿನ ಆಸ್ಪತ್ರೆಗೆ ಬಂದವರು ಗುಳಿಗೆ ಕೊಳ್ಳುವ ಮೊದಲು ಚೀಟಿ ಚಾಚಿ, ಈ ಶಬ್ದವನ್ನೊಂದಿಷ್ಟು ಬಿಚ್ಚಿ ಹೇಳಿರೆಂದು ಕೇಳುತ್ತಿದ್ದರು. ಕಣ್ಣರೆಪ್ಪೆಯ ಗಂಟಿಗೆ ಕಲೇಜಿಯನ್ ಎಂದು ಬರೆದಿದ್ದರೆ, ಗ್ರೀಕರ ಮಾತಿನಲ್ಲಿ ಅದು ಸಣ್ಣ ಆಣೆಕಲ್ಲು ಎನ್ನುವರು. ಬೆನ್ನಿನ ತುದಿಯ ಎಲುಬು ಕಾಕ್ಸಿಕ್ಸ್. ಕೋಗಿಲೆಯ ಕೊಕ್ಕಿನಂತೆ ಬಾಗಿರುವುದರಿಂದ ಅದಕ್ಕೆ ಕೋಗಿಲೆಯದೇ ಹೆಸರು. ಮೆಟ್ಟಿಲ ಮೇಲೆ ಜಾರಿ ಕುಂಡೆ ಊರಿ ಬಿದ್ದಿದ್ದ ನಮ್ಮ ಓಣಿಯ ಮುದುಕರೊಬ್ಬರು, ತಮ್ಮ ಕೋಗಿಲೆಗೆ ಪೆಟ್ಟಾಗಿದೆ ಎಂದು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದರು...

ಚಾಚಾ ಒಂದು ವಿಷಯದಲ್ಲಿ ಮಾತ್ರ ಬಹಳ ಹಟಮಾರಿ. ತನ್ನ ಚೀಟಿಯನ್ನು ತಾನೇ ಬಿಚ್ಚಬಾರದು ಎನ್ನುವರು. ಇಂಗ್ಲಿಷ್ ಬಲ್ಲ ಮಾಸ್ತರರು ಬಂದರೂ ಅಷ್ಟೇ. ಒಬ್ಬರೇ ಓದಿಕೊಂಡರೆ ಅರ್ಥಕ್ಕಿಂತ ಅಂಜಿಕೆಯೇ ಮೊದಲು ಬರುತ್ತದೆ ಎಂಬುದು ಅವರ ಲೆಕ್ಕ. ಹಾಗಾಗಿ ಕೌಂಟರ್ ದಾಟಿ ಹೊರಗೆ ಬಂದು, ಬೆಂಚಿನ ಮೇಲೆ ರೋಗಿಯ ಪಕ್ಕದಲ್ಲಿ ಕೂತು, ಆಮೇಲೆ ಹೇಳುತ್ತಿದ್ದರು. ಕೆಟ್ಟ ಕಾಯಿಲೆಯಾದರೂ ಸುಳ್ಳು ಹೇಳುತ್ತಿರಲಿಲ್ಲ.

ನಮ್ಮ ಅವ್ವನನ್ನು ಆ ಬೆಂಚಿಗೆ ಕರೆದುಕೊಂಡು ಹೋದವಳು ನಾನೇ. ಆಗ ನಾನು ಗದಗಿನಲ್ಲಿ ನರ್ಸಿಂಗ್ ಓದುತ್ತಿದ್ದೆ. ಮಗ್ಗದ ಹಲಗೆಯ ಮೇಲೆ ದಿನವಿಡೀ ಕೂರುವ ಅವ್ವನಿಗೆ ಹೇಳಿಕೊಳ್ಳಬಾರದ ಜಾಗದಲ್ಲಿ ಗಂಟಾಗಿತ್ತು. ಮೂರು ತಿಂಗಳು ಮುಚ್ಚಿಟ್ಟಿದ್ದಳು. ಕ್ಯಾನ್ಸರೇ ಎಂದು ತೀರ್ಮಾನಿಸಿ, ಮಗ್ಗವನ್ನು ಚಿಕ್ಕಮ್ಮನಿಗೆ ಕೊಡುವ ಮಾತೂ ಆಡಿದ್ದಳು. ಚೀಟಿಯಲ್ಲಿ ಇಸ್ಕಿಯಲ್ ಬರ್ಸೈಟಿಸ್ ಎಂದಿತ್ತು. ಗಾಬರಿಯಾಗುವಂಥದ್ದಲ್ಲ ಎಂದು ನಾನು ಹೇಳಿದರೆ, ಸಮಾಧಾನಕ್ಕೆ ಹೇಳುತ್ತಿದ್ದೀ ಎಂದು ನಂಬಲೇ ಇಲ್ಲ. ಚಾಚಾ ಪಕ್ಕದಲ್ಲಿ ಕೂತರು.

“ಬರ್ಸಾ ಅಂದ್ರ ಲ್ಯಾಟಿನ್‌ನ್ಯಾಗ ಸಂಚಿ ರೀ ಅಕ್ಕಾರ. ನಿಮ್ಮ ಎಲಿ-ಅಡಿಕಿ ಸಂಚಿ ಇದ್ಹಂಗ. ಎಲುಬು ಒತ್ತಬಾರದಂತ ದೇವರು ಒಳಗ ಇಟ್ಟಾನ. ಕುಂತು ಕುಂತು ಅದು ಬಾತೈತಿ, ಅಷ್ಟ.”

ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು, ಆಮೇಲೆ ನಕ್ಕಳು. ಮರುವಾರ ಗಾದಿಯೊಂದನ್ನು ಹೊಲಿದುಕೊಂಡು ಮಗ್ಗಕ್ಕೆ ಕೂತಳು. ಆ ರೋಗಕ್ಕೆ ನಿಘಂಟಿನಲ್ಲಿ ‘ನೇಕಾರರ ಕುಂಡೆ’ ಎಂಬ ಅರ್ಥದ ಆಡುಹೆಸರೂ ಇತ್ತು. ಅದನ್ನು ಮಾತ್ರ ಚಾಚಾ ಮರ್ಯಾದೆಗೆ ನುಂಗಿಕೊಂಡಿದ್ದರು. ಅವತ್ತಿನಿಂದ ನಾನು ಕಾಲೇಜು ಬಿಟ್ಟ ಮೇಲೆ ಅಂಗಡಿಗೆ ಹೋಗಿ ಶಬ್ದಗಳನ್ನು ಬಿಡಿಸುವುದು ಕಲಿತೆ. ತಪ್ಪಿದರೆ ಕಿವಿ ಹಿಂಡುವಂತೆ ಕೈ ಮಾಡುವರು, ಹಿಂಡುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ, ನಾನು ನೌಕರಿಗೆ ಸೇರಿದ್ದಾಗ, ಒಂದು ಮುಂಜಾನೆ ಚಾಚಾ ನಮ್ಮ ಮನೆಗೇ ಬಂದರು. ಬೆನ್ನುನೋವೆಂದು ಬಹಳ ದಿನದಿಂದ ಅನ್ನುತ್ತಿದ್ದರು. ಕಟ್ಟೆಯ ಮೇಲೆ ಕೂತು, ಪಕ್ಕದಲ್ಲಿ ನನಗೆ ಜಾಗ ಬಿಟ್ಟು, ಕಿಸೆಯಿಂದ ಚೀಟಿ ತೆಗೆದರು.

“ಕಣ್ಣು ಮಂಜಾಗ್ಯಾವ ಬೇಟಿ. ಇದನ್ನ ನೀ ಬಿಚ್ಚಿ ಹೇಳು.”

ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಚೀಟಿಯಲ್ಲಿ ಮಲ್ಟಿಪಲ್ ಮೈಲೋಮಾ ಎಂದಿತ್ತು. ಮೈಲೋಸ್ ಎಂದರೆ ಎಲುಬಿನೊಳಗಿನ ಮಜ್ಜೆ, ಓಮಾ ಎಂದರೆ ಗಡ್ಡೆ. ಎರಡನ್ನೂ ಅವರೇ ಕಲಿಸಿದ್ದರು. ಮಜ್ಜೆಯ ಕ್ಯಾನ್ಸರ್ ಅದು. ನಾನು ಕೂರಲಿಲ್ಲ, ನಿಂತೇ ಇದ್ದೆ.

“ಇದು ನಂಗ ತಿಳಿಯವಲ್ದು ಚಾಚಾ. ದೊಡ್ಡ ಡಾಕ್ಟರನ್ನ ಕೇಳ್ರಿ” ಅಂದೆ.

ಅವರು ಆತು ಬೇಟಿ ಎಂದು ಚೀಟಿ ಮಡಚಿಕೊಂಡರು. ಅವ್ವ ಕೊಟ್ಟ ಚಹಾ ಕುಡಿದು, ಗಾದಿ ಮೆತ್ತಗಿದೆಯೋ ಇಲ್ಲವೋ ಎಂದು ಅವಳನ್ನು ಕಾಡಿಸಿ, ನಿಧಾನಕ್ಕೆ ಎದ್ದು ಹೋದರು.

ಅದಾದ ಮೇಲೆ ಒಂದು ವರ್ಷದ ಮೇಲೆ ಎರಡು ತಿಂಗಳು ಇದ್ದರು. ವಾರಕ್ಕೊಮ್ಮೆ ನೋಡಲು ಹೋಗುತ್ತಿದ್ದೆ. ಹಣ್ಣು ಒಯ್ದೆ, ಇಂಜೆಕ್ಷನ್ ಕೊಟ್ಟೆ, ಹಾಸಿಗೆ ಬದಲಿಸಿದೆ. ಆ ಶಬ್ದವನ್ನು ಮಾತ್ರ ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ... ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಚಾಚಿ, ಆ ನಿಘಂಟನ್ನು ನನ್ನ ಕೈಗಿಟ್ಟರು.

“ಅವರಿಗೆ ಅರ್ಥ ಮೊದಲ ಗೊತ್ತಿತ್ತು ಬೇಟಿ. ನೀ ಬಾಜೂಕ ಕುಂತು ಹೇಳ್ತಿ ಅಂತ ಕಾಯ್ತಿದ್ರು.”

ಈಗ ಆ ಅಂಗಡಿಯ ಜಾಗದಲ್ಲಿ ಮೊಬೈಲ್ ಮಾರುತ್ತಾರೆ. ಚೀಟಿ ಹಿಡಿದುಕೊಂಡು ಯಾರೂ ಯಾರ ಹತ್ತಿರವೂ ಹೋಗುವುದಿಲ್ಲ, ಫೋನಿನಲ್ಲೇ ನೋಡಿಕೊಳ್ಳುತ್ತಾರೆ. ವಾರ್ಡಿನಲ್ಲಿ ನನ್ನನ್ನು ಧೈರ್ಯವಂತೆ ಎನ್ನುತ್ತಾರೆ. ಅವತ್ತು ಚಾಚಾನ ಪಕ್ಕದಲ್ಲಿ ಕೂತು ಆ ಎರಡು ತುಂಡು ಶಬ್ದಗಳನ್ನು ಹೇಳಲು ಅರ್ಧ ನಿಮಿಷ ಸಾಕಿತ್ತು. ನಾನು ಅವರನ್ನು ಹದಿನಾಲ್ಕು ತಿಂಗಳು ಕಾಯಿಸಿದೆ.