ಭಾನುವಾರ ಅಪ್ಪ ಇರುತ್ತಿರಲಿಲ್ಲ

ಅವರೆಕಾಯಿ ಕಾಲ ಬಂದರೆ ಈಗಲೂ ನಾನು ಮಾರುಕಟ್ಟೆಯಲ್ಲಿ ಒಂದು ಕಾಯಿ ಎತ್ತಿಕೊಂಡು ಮೂಸುತ್ತೇನೆ. ಸೊಗಡು ಚೆನ್ನಾಗಿದೆಯೇ ಎಂದು ಎಲ್ಲರೂ ಮೂಸುತ್ತಾರೆ, ಅಂಗಡಿಯವನಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ಆ ಎಣ್ಣೆ ಜಿಡ್ಡಿನ ಹಸಿರು ವಾಸನೆ ಬೆರಳಿಗೆ ಹತ್ತಿದ ಕೂಡಲೇ ಹನುಮಂತನಗರದ ನಮ್ಮ ವಠಾರದ ಮನೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಸೋಮವಾರ ಬೆಳಿಗ್ಗೆ, ಗೋಡೆಗೆ ಒರಗಿಸಿದ ಅಪ್ಪನ ಸೈಕಲ್ಲು, ಅದರ ಹಿಂದೆ ಕಟ್ಟಿದ ಗೋಣಿಚೀಲ, ಚೀಲದ ಬಾಯಿ ಬಿಚ್ಚಿ ಸುಮ್ಮನೆ ನಿಂತ ಅಮ್ಮ. ಆ ಕಾಯಿಗಳಲ್ಲಿ ಒಂದೂ ಹುಳುಕಿರುತ್ತಿರಲಿಲ್ಲ. ಎಳಸನ್ನು ಬಿಟ್ಟು, ಬಲಿತದ್ದನ್ನೇ ಆರಿಸಿ ಯಾರೋ ತುಂಬಿರುತ್ತಿದ್ದರು. ಒಮ್ಮೆ ಅಮ್ಮ ಚೀಲದೊಳಗೆ ಕೈಯಾಡಿಸುತ್ತ, ಯಾರಿಗೂ ಹೇಳದವಳಂತೆ, "ಗಂಡಸರು ಹೀಗೆ ಆರಿಸಲ್ಲ" ಅಂದಳು. ನನಗಾಗ ಎಂಟೋ ಒಂಬತ್ತೋ ವರ್ಷ. ಅನುಮಾನ ಎನ್ನುವ ಮಾತು ಇನ್ನೂ ಬಾಯಿಗೆ ಬಂದಿರಲಿಲ್ಲ, ಅದರ ವಾಸನೆ ಮಾತ್ರ ಅಂದೇ ಮೂಗಿಗೆ ಹತ್ತಿತು.

ಐವತ್ತರ ದಶಕದ ಕೊನೆಯ ವರ್ಷಗಳು ಅವು. ಗುಡ್ಡದ ಕೆಳಗೆ, ಒಂದೇ ಅಂಗಳಕ್ಕೆ ಬಾಗಿಲು ತೆರೆದುಕೊಂಡ ಸಾಲುಮನೆಗಳ ವಠಾರದಲ್ಲಿ ಕೊನೆಯ ಮನೆ ನಮ್ಮದು. ಅಲ್ಲಿ ಇದ್ದದ್ದು ಅಪ್ಪ, ಅಮ್ಮ, ಅಮ್ಮನ ತಾಯಿಯಾದ ಅಜ್ಜಿ, ಮತ್ತೆ ನಾನು. ಅಪ್ಪನಿಗೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಶನಿವಾರ ಅರ್ಧ ದಿನ ಮುಗಿಸಿ, ಕಚೇರಿಯಿಂದಲೇ ಸೈಕಲ್ಲು ತುಳಿದುಕೊಂಡು ಚಿಕ್ಕಲಸಂದ್ರಕ್ಕೆ ಹೋಗಿಬಿಡುತ್ತಿದ್ದರು. ಅದು ಅವರ ಊರು. ಆಗದು ನಿಜವಾಗಿಯೂ ಹಳ್ಳಿ, ಸುತ್ತ ರಾಗಿ ಹೊಲ, ಹುಣಸೇ ಮರ, ಕೆರೆ. ಸೋಮವಾರ ಬೆಳಿಗ್ಗೆ ಬಂದು, ಸ್ನಾನ ಮಾಡಿ, ಇಸ್ತ್ರಿ ಶರಟು ಹಾಕಿಕೊಂಡು ಮತ್ತೆ ಕಚೇರಿಗೆ. ವಠಾರದ ಒಡತಿ ಪದ್ಮಮ್ಮನವರಿಗೆ ಈ ಭಾನುವಾರಗಳ ಮೇಲೆ ಒಂದು ಕಣ್ಣು. ನಲ್ಲಿ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿ, "ಏನೇ ಪುಟ್ಟಿ, ನಿಮ್ಮಪ್ಪ ಈ ವಾರಾನೂ ಇಲ್ವಾ?" ಎಂದು ಕೇಳುತ್ತಿದ್ದರು. "ತೋಟ ನೋಡೋಕೆ ಹೋಗಿದಾರೆ" ಎಂಬ ಉತ್ತರವನ್ನು ಅಜ್ಜಿ ನನಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದಳು. ಉಳಿದ ಮಕ್ಕಳ ಅಪ್ಪಂದಿರು ಭಾನುವಾರ ಅಂಗಳದಲ್ಲಿ ಕೂತು ಕ್ಷೌರ ಮಾಡಿಸಿಕೊಳ್ಳುತ್ತಿದ್ದರು, ರೇಡಿಯೋಗೆ ಕಿವಿಗೊಡುತ್ತಿದ್ದರು, ಮಕ್ಕಳನ್ನು ಗುಡ್ಡ ಹತ್ತಿಸಿ ಕರೆತರುತ್ತಿದ್ದರು. ನಮ್ಮ ಮನೆಯಲ್ಲಿ ಭಾನುವಾರ ಬಾಗಿಲು ಅರ್ಧ ಮುಚ್ಚಿರುತ್ತಿತ್ತು.

ಒಗೆಯುವ ಮುಂಚೆ ಅಮ್ಮ ಅಪ್ಪನ ಶರಟನ್ನು ಒಮ್ಮೆ ಮೂಗಿನ ಹತ್ತಿರ ಹಿಡಿಯುವುದನ್ನು ನಾನು ನೋಡಿದ್ದೆ. ಒಂದು ಸಲ ಬಿದ್ದುಹೋಗಿದ್ದ ಗುಂಡಿಯನ್ನು ಯಾರೋ ಕಪ್ಪು ದಾರದಲ್ಲಿ ಹೊಲಿದಿದ್ದರು. ಇನ್ನೊಂದು ಸಲ ಜೇಬಿನಲ್ಲಿ ಬಳಪದ ಚೂರು ಸಿಕ್ಕಿತು. ಅದನ್ನು ಅಜ್ಜಿಗೆ ತೋರಿಸಿ, "ತೋಟದಲ್ಲಿ ಬಳಪ ಬೆಳೀತಾರಾ?" ಎಂದು ಕೇಳಿದೆ. ಅಜ್ಜಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಅಂಗಳಕ್ಕೆ ಎಸೆದಳು. "ಗೋಡೆಗೂ ಕಿವಿ ಇರುತ್ತೆ, ಬಾಯ್ಮುಚ್ಚು." ಅಷ್ಟು ಸಾಕಾಯಿತು ನನಗೆ. ಚಿಕ್ಕಲಸಂದ್ರದಲ್ಲಿ ಒಬ್ಬ ಹೆಂಗಸಿದ್ದಾಳೆ, ಅವಳು ನಮ್ಮ ಅಪ್ಪನನ್ನು ವಾರಕ್ಕೊಮ್ಮೆ ಕದಿಯುತ್ತಾಳೆ ಎಂದು ತೀರ್ಮಾನಿಸಿದೆ. ಅವಳಿಗೊಂದು ಮುಖವನ್ನೂ ಕಲ್ಪಿಸಿಕೊಂಡೆ, ಎಲೆಯಡಿಕೆ ತಿಂದು ಕೆಂಪಾದ ಬಾಯಿ, ತುಂಬ ಬಳೆ. ಆ ಮುಖವನ್ನು ನಾನು ಮನಸಾರೆ ದ್ವೇಷಿಸುತ್ತಿದ್ದೆ.

ಅವಳು ಬಂದದ್ದು ಶಾಲೆ ತೆರೆಯುವ ಮುಂಚಿನ ಒಂದು ಮಧ್ಯಾಹ್ನ, ಅಪ್ಪ ಕಚೇರಿಯಲ್ಲಿದ್ದಾಗ. ಎತ್ತರದ, ಒಣಗಿದ ಹೆಂಗಸು. ಅಂಗಾಲು ಒಡೆದಿತ್ತು, ಕೈಯಲ್ಲಿ ನಾಲ್ಕೇ ಗಾಜಿನ ಬಳೆ. ಪಕ್ಕದಲ್ಲಿ ಹದಿಮೂರು ವರ್ಷದ ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಕಂಕುಳಲ್ಲಿ ಬಟ್ಟೆಗಂಟು. ಚಿಕ್ಕಲಸಂದ್ರದಿಂದ ನಡೆದೇ ಬಂದಿದ್ದರು. ಅಜ್ಜಿ ಹೊಸಿಲಿಗೆ ಅಡ್ಡ ನಿಂತು "ಯಾರು ಬೇಕಾಗಿತ್ತು?" ಎಂದಳು. ಆಕೆ ಅಜ್ಜಿಯನ್ನು ದಾಟಿ ಒಳಗಿದ್ದ ಅಮ್ಮನನ್ನೇ ನೋಡಿದಳು.

"ನಾನ್ಯಾರು ಅಂತ ನಿಂಗೊತ್ತು ತಂಗಿ. ಜಗಳಕ್ಕೆ ಬಂದಿಲ್ಲ. ಇವ್ಳು ರತ್ನ. ಊರಾಗಿನ ಇಸ್ಕೂಲು ಮುಗೀತು. ಮುಂದುಕ್ಕೆ ಓದ್ಸಿ ಅಂತಾರೆ ಮೇಷ್ಟ್ರು. ಅವ್ರನ್ನ ಕೇಳುದ್ರೆ ನೋಡಾನ ನೋಡಾನ ಅಂತಾರೆ. ಅದ್ಕೇ ನಿನ್ನ ಕೇಳಾಕೆ ಬಂದೆ."

ಆಕೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ನಂಗೆ ಅಕ್ಸರ ಬರಾಕಿಲ್ಲ ಅಂತ ತಾನೇ ಅವ್ರು ಓದಿದೋಳ್ನ ಹುಡುಕ್ಕೊಂಡು ಬಂದಿದ್ದು? ಇವ್ಳಿಗೂ ಅಂಗೇ ಆಗ್ಬಾರ್ದು."

ಅಜ್ಜಿ ಅವರನ್ನು ಒಳಗೆ ಕೂರಿಸಿ ಬಾಗಿಲು ಮುಂದೆ ಮಾಡಿದಳು. ಒಳಗೆ ಪಿಸುಪಿಸು ಮಾತು ನಡೆಯಿತು. ಹುಡುಗಿ ಇರಬಹುದು ಎಂದು ಅಮ್ಮ ಅಂದಳು. ಇರುವುದಾದರೆ ವಠಾರದವರಿಗೆ ಅಪ್ಪನ ಅಣ್ಣನ ಮಗಳೆಂದು ಹೇಳಬೇಕು, ಹುಡುಗಿ ಅಪ್ಪನನ್ನು ಚಿಕ್ಕಪ್ಪ ಎಂದೇ ಕರೆಯಬೇಕು ಎಂದು ಅಜ್ಜಿ ಕಟ್ಟು ಹಾಕಿದಳು. ಆ ಹೆಂಗಸು "ಏನಂತಾದ್ರೂ ಕರೀಲಿ. ಇಸ್ಕೂಲಿಗೆ ಕಳ್ಸಿ, ಸಾಕು" ಎಂದು ಎದ್ದಳು. ಅಮ್ಮ ಕೊಟ್ಟ ನೀರು ಕುಡಿದು, ನನ್ನ ಕಡೆ ತಿರುಗಿ, "ಅವ್ರದೇ ಮೂಗು" ಅಂದು, ಬಂದ ದಾರಿಯಲ್ಲೇ ಬಿಸಿಲಲ್ಲಿ ಹೊರಟುಹೋದಳು. ಅವಳನ್ನು ದೊಡ್ಡಮ್ಮ ಎಂದು ಕರೆಯಬೇಕೆಂದು ಯಾರೂ ನನಗೆ ಹೇಳಲಿಲ್ಲ.

ನನ್ನ ತೀರ್ಮಾನ ತಲೆಕೆಳಗಾದದ್ದು ಇನ್ನೊಂದು ತಿಂಗಳಿಗೆ, ರತ್ನಕ್ಕನ ಜೊತೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುವಾಗ. ಅವಳನ್ನು ಚುಚ್ಚಲೆಂದೇ, "ನಿಮ್ಮಮ್ಮ ನಮ್ಮಪ್ಪನ್ನ ಯಾಕೆ ಮದುವೆ ಮಾಡ್ಕೊಂಡ್ರು?" ಎಂದೆ. ಅವಳು ಮೊರದಿಂದ ತಲೆಯೆತ್ತಲಿಲ್ಲ. "ನಿಮ್ಮಮ್ಮನ ಮದ್ವೆ ದಿವ್ಸ ನಂಗೆ ಹೊಸ ಲಂಗ ಹೊಲ್ಸಿದ್ರಂತೆ, ಅಳಬಾರ್ದು ಅಂತ." ಅಷ್ಟೇ ಹೇಳಿ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. ಮೊದಲು ಬಂದವರು ಅವರು. ವಾರಕ್ಕೊಂದು ದಿನ ಬಿಟ್ಟು ಉಳಿದೆಲ್ಲ ದಿನ ಅಪ್ಪನನ್ನು ಕದ್ದವರು ನಾವು. ಅವತ್ತು ನಾನು ಊಟ ಮಾಡಲಿಲ್ಲ. ಹೊಟ್ಟೆನೋವು ಎಂದೆ, ಅಜ್ಜಿ ಓಮದ ನೀರು ಕುಡಿಸಿದಳು.

ಆ ಚಿಕ್ಕ ಮನೆಯಲ್ಲಿ ಆಮೇಲೆ ಎಲ್ಲರೂ ಎಲ್ಲರನ್ನೂ ಕಾಯುತ್ತಿದ್ದೆವು. ರತ್ನಕ್ಕ ಊರಿಗೆ ಹೋಗಿ ಬಂದರೆ ಇಲ್ಲಿಯ ಮಾತನ್ನು ಅಲ್ಲಿ ಹೇಳಿದಳೇ ಎಂದು ಅಮ್ಮ ಅವಳ ಮುಖ ನೋಡುತ್ತಿದ್ದಳು. ಯಾರ ತಟ್ಟೆಗೆ ಎಷ್ಟು ತುಪ್ಪ ಬಿತ್ತೆಂದು ರತ್ನಕ್ಕ ಕಡೆಗಣ್ಣಲ್ಲಿ ನೋಡುತ್ತಿದ್ದಳು. ಅಪ್ಪ ಮನೆಗೆ ಬಂದವರೇ ಮೊದಲು ಯಾರ ಕಡೆ ನೋಡುತ್ತಾರೆಂದು ನಾನು ನೋಡುತ್ತಿದ್ದೆ. ಅವರು ಯಾರ ಕಡೆಗೂ ನೋಡುತ್ತಿರಲಿಲ್ಲ. "ಚಿಕ್ಕಪ್ಪ" ಎನ್ನುವ ಮುಂಚೆ ರತ್ನಕ್ಕನ ಬಾಯಲ್ಲಿ ಮಾತು ಒಂದು ಗಳಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು, ಕೇಳಿದ ಅಪ್ಪನೂ ಒಂದು ಗಳಿಗೆ ತಡೆದು ತಿರುಗುತ್ತಿದ್ದರು. ಹೊರಗಿನವರಿಗೆ ಅಷ್ಟು ಸಾಲದೇ? "ಚಿಕ್ಕಪ್ಪನ ಪಡಿಯಚ್ಚು ಕಣ್ರೀ ಈ ಹುಡುಗಿ" ಎಂದು ಪದ್ಮಮ್ಮ ಅಮ್ಮನ ಮುಂದೆಯೇ ನಕ್ಕರು. ಅಮ್ಮನೂ ನಕ್ಕಳು. ಒಳಗೆ ಬಂದು ಒಲೆಗೆ ಸೌದೆ ತುರುಕಿದ ರಭಸಕ್ಕೆ ಬೂದಿಯೆಲ್ಲ ಎದ್ದಿತು. ಇಷ್ಟರ ನಡುವೆ, ಹೇಗೋ ಏನೋ, ನನಗೆ ಲೆಕ್ಕ ಹೇಳಿಕೊಟ್ಟವಳು, ಹೇನು ತೆಗೆದವಳು, ನಾನು ದೊಡ್ಡವಳಾದಾಗ ಹೆದರಬೇಡ ಎಂದವಳು ರತ್ನಕ್ಕನೇ. ಅವಳ ಪ್ರೀತಿಯನ್ನೂ ನಾನು ಸುಮ್ಮನೆ ನಂಬಲಿಲ್ಲ, ತಿರುಗಿಸಿ ತಿರುಗಿಸಿ ನೋಡಿದೆ.

ಅವಳು ಎಸ್ಸೆಸ್ಸೆಲ್ಸಿ ಪಾಸಾಗಿ ಮೇಷ್ಟರ ತರಬೇತಿಗೆ ಸೇರಿದ ಮೇಲೆ ಬಸವನಗುಡಿಯ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ, ಅವನ ತಂದೆತಾಯಿ ಭಾನುವಾರ ಮಧ್ಯಾಹ್ನ ನೋಡಲು ಬಂದರು. ಅದಕ್ಕಾಗಿ ಅಪ್ಪ ಆ ಭಾನುವಾರ ಮನೆಯಲ್ಲಿದ್ದರು. ಪದ್ಮಮ್ಮ ತಮ್ಮ ಮನೆಯ ಕುರ್ಚಿಗಳನ್ನು ತಂದುಕೊಟ್ಟು, ತಾವೂ ಒಂದರಲ್ಲಿ ಕೂತರು. ಉಪ್ಪಿಟ್ಟು, ಕೇಸರಿಬಾತು ಆಗಿತ್ತು. ರತ್ನಕ್ಕ ಬಂದು ನಮಸ್ಕಾರ ಮಾಡಿ ಒಳಗೆ ಹೋದಳು. ಹುಡುಗನ ತಂದೆ ಗಂಟಲು ಸರಿಮಾಡಿಕೊಂಡರು.

"ಹುಡುಗಿ ತಂದೆ ಕಾಣಿಸಲಿಲ್ಲವಲ್ಲ?"

"ಅಣ್ಣ ಊರಲ್ಲೇ... ಮೈಗೆ ಅಷ್ಟು ಹುಷಾರಿಲ್ಲ" ಅಂದರು ಅಪ್ಪ.

ಹುಡುಗನ ತಾಯಿ ಅಪ್ಪನ ಮುಖವನ್ನೂ ರತ್ನಕ್ಕ ಹೋದ ಬಾಗಿಲನ್ನೂ ನೋಡಿದರು. "ಚಿಕ್ಕಪ್ಪನ್ನ ನೋಡಿದ್ರೆ ತಂದೇನ ನೋಡೋದೇ ಬೇಡ ಬಿಡಿ" ಎಂದು ನಕ್ಕರು. "ಧಾರೆ ಎರೆಯೋಕಾದ್ರೂ ಬರ್ತಾರೋ ಇಲ್ವೋ?"

ಅಪ್ಪ ಕೇಸರಿಬಾತಿನ ತಟ್ಟೆಯನ್ನು ಅವರತ್ತ ಸರಿಸಿದರು. ಆಗ ಅಮ್ಮ ಅಡುಗೆಮನೆಯಿಂದ ಬಂದಳು. ಕೈ ಒದ್ದೆಯಿತ್ತು, ಒರೆಸಿಕೊಳ್ಳಲೂ ಇಲ್ಲ.

"ಅವಳ ತಂದೆ ನಿಮ್ಮೆದುರಿಗೇ ಕೂತಿದಾರೆ. ಇವರೇ. ಅವಳ ತಾಯಿ ಚಿಕ್ಕಲಸಂದ್ರದಲ್ಲಿದಾರೆ, ಅವರೇ ಮೊದಲನೆಯವರು. ನಾನು ಆಮೇಲೆ ಬಂದವಳು. ಹುಡುಗಿ ಬಂಗಾರದಂಥವಳು. ಸುಳ್ಳು ಹೇಳಿದ್ದು ನಾವು, ಅವಳಲ್ಲ."

ಹುಡುಗನ ತಂದೆ ತಟ್ಟೆಯನ್ನು ಕೆಳಗಿಟ್ಟು ಎದ್ದರು. "ಇಷ್ಟು ಮುಚ್ಚಿಟ್ಟವರು ಇನ್ನೇನೇನು ಮುಚ್ಚಿಟ್ಟಿದೀರೋ, ಯಾರಿಗ್ಗೊತ್ತಮ್ಮ" ಅಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಇರಬೇಕು, ಹೆಚ್ಚು ನೋಯಿಸಿತು. ಅವರು ಹೋದರು. ಅವರ ಹಿಂದೆ ಪದ್ಮಮ್ಮನೂ ಹೋದರು, ಕುರ್ಚಿಗಳು ಅಲ್ಲೇ ಉಳಿದವು.

"ಮನೆ ಮಾನ ಕಳೆದೆಯಲ್ಲೇ" ಎಂದು ಅಜ್ಜಿ ಹಣೆ ಚಚ್ಚಿಕೊಂಡಳು. ಅಮ್ಮ ಅವಳ ಕಡೆ ತಿರುಗಿದಳು. "ಅವರು ಕೇಳಿದ ಹಾಗೇ ನಾವೂ ಒಂದಿನ ಕೇಳಿದ್ವಿ ಅಮ್ಮ. ಮೊದಲನೆಯವಳು ಬಿಟ್ಟುಹೋಗಿದಾಳೆ ಅಂದ್ರು, ನಂಬಿದ್ವಿ. ನಂಗಾದದ್ದು ಇನ್ನೊಬ್ಬರಿಗೆ ಮಾಡಲಾ?" ಅಮ್ಮನೂ ಮೋಸ ಹೋದವಳೆಂದು ನನಗೆ ಗೊತ್ತಾದದ್ದು ಆಗಲೇ. ಅಪ್ಪ ಕುರ್ಚಿಯಿಂದ ಏಳಲೇ ಇಲ್ಲ. ರತ್ನಕ್ಕ ಒಳಗಿನಿಂದ ಲೋಟ ಹಿಡಿದು ಬಂದು, "ಅಪ್ಪ, ಕಾಫಿ ಆರಿಹೋಗುತ್ತೆ" ಅಂದಳು. ಆ ಮನೆಯಲ್ಲಿ ಅವಳು ಆ ಮಾತನ್ನು ಆಡಿದ್ದು ಅದೇ ಮೊದಲು. ಅಪ್ಪ ತೆಗೆದುಕೊಂಡರು.

ನಿಜ ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ನಮಗೆ ಹಾಗೇನೂ ಆಗಲಿಲ್ಲ. ಆ ವರ್ಷ ಅರಿಶಿನ ಕುಂಕುಮಕ್ಕೆ ಅಮ್ಮನನ್ನು ವಠಾರದಲ್ಲಿ ಯಾರೂ ಕರೆಯಲಿಲ್ಲ. ನನ್ನ ಜೊತೆ ಶಾಲೆಗೆ ನಡೆದು ಬರುತ್ತಿದ್ದ ಹುಡುಗಿ ರಸ್ತೆಯ ಆ ಬದಿಗೆ ದಾಟಿಕೊಂಡಳು. ಎರಡು ಮನೆ ಮಾಡಿಕೊಂಡ ಅಪ್ಪನನ್ನು ಮಾತ್ರ ಎಲ್ಲರೂ ಮೊದಲಿನಂತೆಯೇ ಮಾತಾಡಿಸುತ್ತಿದ್ದರು. ಇದು ನನಗೆ ಇಂದಿಗೂ ಅರ್ಥವಾಗಿಲ್ಲ, ಅಥವಾ ಚೆನ್ನಾಗಿಯೇ ಅರ್ಥವಾಗಿದೆ. ನಾವು ಶ್ರೀನಗರಕ್ಕೆ ಮನೆ ಬದಲಾಯಿಸಿದೆವು. ರತ್ನಕ್ಕ ಶಾಲೆಯಲ್ಲಿ ಕೆಲಸಕ್ಕೆ ಸೇರಿ, ಜೊತೆಯಲ್ಲಿ ಪಾಠ ಮಾಡುತ್ತಿದ್ದ ಒಬ್ಬರನ್ನು, ಎಲ್ಲ ಹೇಳಿಯೇ, ಮದುವೆಯಾದಳು. ಧಾರೆ ಎರೆದದ್ದು ದೊಡ್ಡಮ್ಮ, ಅಪ್ಪ. ಅಮ್ಮ ಚಪ್ಪರದ ಹಿಂದಿನ ಸಾಲಿನಲ್ಲಿ ಕೂತಿದ್ದಳು. ನೆಂಟರಿಗೆ ಅವಳನ್ನು ಏನೆಂದು ಪರಿಚಯಿಸಬೇಕೋ ಯಾರಿಗೂ ತಿಳಿಯಲಿಲ್ಲ. ದೊಡ್ಡಮ್ಮ ಮಾತ್ರ ಊಟದ ಹೊತ್ತಿಗೆ ಬಂದು, "ಏಳು ತಂಗಿ, ಎಲೆ ಹಾಕವ್ರೆ" ಅಂದಳು. ಅಪ್ಪ ಆಮೇಲೆ ಹೆಚ್ಚು ಕಾಲ ಬದುಕಲಿಲ್ಲ.

ಜಯನಗರದ ಪಾರ್ಕಿನಲ್ಲಿ ನನ್ನ ವಯಸ್ಸಿನವರು ಸೇರಿ, ಆಗಿನ ಸಂಸಾರಗಳೆಂದರೆ ಸಂಸಾರಗಳು, ಈಗಿನವರಿಗೆ ಹೊಂದಿಕೊಂಡು ಹೋಗುವುದೇ ಗೊತ್ತಿಲ್ಲ ಎನ್ನುತ್ತಾರೆ. ನಾನು ತಲೆಯಾಡಿಸುವುದಿಲ್ಲ. ಹೊಂದಿಕೊಂಡವರು ಯಾರು, ಬಾಯಿಮುಚ್ಚಿಕೊಂಡವರು ಯಾರು ಎಂದು ಮನಸ್ಸು ಒಳಗೇ ಕೇಳುತ್ತಿರುತ್ತದೆ. ನನ್ನ ಗಂಡ ಸಾಧು ಮನುಷ್ಯರು. ಅವರು ಕಚೇರಿಯಿಂದ ಒಂದು ಬಸ್ಸು ತಡವಾಗಿ ಬಂದರೂ, ಅವರ ಶರಟನ್ನು ಒಗೆಯುವ ಮುಂಚೆ ಒಮ್ಮೆ ಮೂಗಿನ ಹತ್ತಿರ ಹಿಡಿಯುತ್ತಿದ್ದೆ. ಏನೂ ಇರುತ್ತಿರಲಿಲ್ಲ, ಬೆವರು ಮತ್ತು ಬಸ್ಸಿನ ಧೂಳು. ಆದರೂ ಹಿಡಿಯುತ್ತಿದ್ದೆ. ಮಕ್ಕಳಿಗೆ ನಾವು ಬಿಟ್ಟುಹೋಗುವುದು ಹೊಲ ಮನೆ ಅಷ್ಟೇ ಅಲ್ಲ.

ಹೋದ ತಿಂಗಳು ರತ್ನಕ್ಕನನ್ನು ನೋಡಲು ಚಿಕ್ಕಲಸಂದ್ರಕ್ಕೆ ಹೋಗಿದ್ದೆ. ಈಗಲ್ಲಿ ಹೊಲವಿಲ್ಲ, ಮನೆಗೆ ಮನೆ ಅಂಟಿಕೊಂಡಿದೆ. ಅವಳಿಗೆ ಮಂಡಿ ನೋವು, ಮಾತು ಮಾತ್ರ ಗಟ್ಟಿ. ಅಮ್ಮ, ದೊಡ್ಡಮ್ಮ, ಅಜ್ಜಿ, ಎಲ್ಲರ ಮಾತೂ ಬಂದು ಹೋಯಿತು. ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟೆ.

"ಅಕ್ಕ, ಭಾನುವಾರ ಇಲ್ಲಿ ಅಪ್ಪ ಹೇಗಿರ್ತಿದ್ರು? ನಮ್ಮ ಹತ್ತಿರ ಅವರು ಬಾಯ್ತುಂಬ ನಕ್ಕಿದ್ದು ನನಗೆ ನೆನಪೇ ಇಲ್ಲ. ಇಲ್ಲಿ ನಗ್ತಿದ್ರು ಅಂತ ನನಗೆ ಯಾವಾಗಲೂ ಅನುಮಾನ."

ರತ್ನಕ್ಕ ನನ್ನನ್ನೇ ನೋಡಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ಇಲ್ಲೂ ಗೋಡೆಗೆ ಒರಗಿ ಸುಮ್ಮನೆ ಕೂತಿರ್ತಿದ್ರು ಕಣೇ. ಅಪ್ಪ ನಗೋದೆಲ್ಲ ಹನುಮಂತನಗರದಲ್ಲಿ ಅಂತ ನಾನೂ ನಮ್ಮವ್ವನೂ ಅಂದ್ಕೊಂಡಿದ್ವಿ."

ಹೊರಗೆ ರಸ್ತೆಯಲ್ಲಿ ಮಕ್ಕಳು ಶಾಲೆಯ ವ್ಯಾನಿನಿಂದ ಇಳಿಯುತ್ತಿದ್ದರು.